ಪ್ಯಾಪ್ ನಾರ್ಮಲ್ ಅಂದ್ರೆ ಎಲ್ಲಾ ನಾರ್ಮಲ್ಲಾ?

ಬಹಳ ದಿನ ಆಯ್ತು ಬ್ಲಾಗಿನ ಕಡೆ ತಲೆ ಹಾಕಿ. ಇವತ್ತು ಬರೀಲೇಬೇಕು ಅನ್ನಿಸಿದ್ದು ನಮ್ಮ ದೊಡ್ಡಮ್ಮನಿಂದ. ಮುಟ್ಟು ನಿಂತು ಎಂಟು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತಂತೆ. "ಪ್ಯಾಪ್ ಸ್ಮಿಯರ್ ನಾರ್ಮಲ್ ಬಂದಿದೆಯಲ್ಲ" ಅಂತ ನಾಲ್ಕು ತಿಂಗಳು ಸುಮ್ಮನಿದ್ದರು. ಡಿ ಅಂಡ್ ಸಿ ಅಂದರೆ ಅವರಿಗೆ ಮೊದಲಿಂದಲೂ ಭಯ.

ತಪ್ಪು ಅವರದ್ದಲ್ಲ, ಯಾರೂ ಬಿಡಿಸಿ ಹೇಳಿರಲಿಲ್ಲ. ಪ್ಯಾಪ್ ಪರೀಕ್ಷೆ ಇರುವುದು ಗರ್ಭಕೋಶದ ಕೊರಳಿಗೆ. ಒಳಪೊರೆಯ ಜೀವಕೋಶಗಳು ಉದುರಿ ಅಲ್ಲಿಗೆ ಬಂದರೆ ಅದೃಷ್ಟ, ಬಾರದಿದ್ದರೆ ರಿಪೋರ್ಟ್ ನಾರ್ಮಲ್! ಮುಟ್ಟು ನಿಂತ ಮೇಲೆ ರಕ್ತ ಹೋಗುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಒಳಪೊರೆಯ ಕ್ಯಾನ್ಸರ್ ಇರುತ್ತದೆ. ಕಾಯುವ ವಿಷಯವಲ್ಲ ಇದು.

ಒಳಪೊರೆಯಿಂದಲೇ ಕೋಶ ತೆಗೆಯುವ ದಾರಿಯೂ ಇದೆ. ತೆಳ್ಳನೆಯ ಬ್ರಶ್ಶನ್ನು ಗರ್ಭಕೋಶದೊಳಗೆ ತೂರಿಸಿ ತಿರುಗಿಸುತ್ತಾರೆ, ಸಾಮಾನ್ಯವಾಗಿ ಅರಿವಳಿಕೆ ಬೇಡ. ಹಿಂದೆ ಅದನ್ನು ನೇರವಾಗಿ ಗಾಜಿಗೆ ಬಳಿಯುತ್ತಿದ್ದರು. ರಕ್ತ, ಲೋಳೆ, ಒಂದರ ಮೇಲೊಂದು ಬಿದ್ದ ಕೋಶಗಳು... ನೋಡುವವರಿಗೆ ತಲೆನೋವು. ಲಿಕ್ವಿಡ್ ಬೇಸ್ಡ್ ಸೈಟಾಲಜಿಯಲ್ಲಿ ಬ್ರಶ್ಶನ್ನು ಸಂರಕ್ಷಕ ದ್ರವದಲ್ಲಿ ತೊಳೆಯುತ್ತಾರೆ. ಲ್ಯಾಬಿನಲ್ಲಿ ರಕ್ತ, ಲೋಳೆ ಬಹುಪಾಲು ಕಳೆದು ಕೋಶಗಳ ತೆಳುಪದರ ಗಾಜಿನ ಮೇಲೆ ಕೂರುತ್ತದೆ. ಮಿಕ್ಕ ದ್ರವದಿಂದ ಇನ್ನಷ್ಟು ಪರೀಕ್ಷೆ ಮಾಡಬಹುದು. ಜಪಾನಿನಲ್ಲಿ ಒಳಪೊರೆಯ ಸೈಟಾಲಜಿ ದಶಕಗಳಿಂದ ರೂಢಿಯಲ್ಲಿದೆ. ವರದಿ ಬರೆಯುವ ರೀತಿ ಎಲ್ಲ ಕಡೆ ಒಂದೇ ಇರಲಿ ಅಂತ 2022ರಲ್ಲಿ ಯೊಕೊಹಾಮಾ ಸಿಸ್ಟಂ ಅನ್ನೋ ಪುಸ್ತಕವೂ ಬಂತು.

ತೆಳು ಕೊಳವೆಯಿಂದ ಒಪಿಡಿಯಲ್ಲೇ ಬಯಾಪ್ಸಿ ತೆಗೆಯುವ ಪೈಪೆಲ್ ಇದೆಯಲ್ಲ ಅಂತೀರಾ? ಇದೆ, ಒಳ್ಳೆಯದೇ. ಆದರೆ ವಯಸ್ಸಾದವರಲ್ಲಿ ಒಳಪೊರೆ ತೆಳುವಾಗಿ, ಸಾಕಷ್ಟು ಚೂರು ಸಿಗದೇ ಹೋಗುವುದುಂಟು. ಅಲ್ಲಿ ಬ್ರಶ್ ಸಹಾಯಕ್ಕೆ ಬರುತ್ತದೆ.

ಹಾಗಂತ ಇದೇ ಕೊನೆಯ ಮಾತು ಅಂತ ನಾನು ಹೇಳಲ್ಲ. ಗ್ರಂಥಿಗಳು ಎಷ್ಟು ಒತ್ತೊತ್ತಾಗಿವೆ ಅನ್ನುವುದು ಬಯಾಪ್ಸಿಯ ಚೂರಿನಲ್ಲಿ ಕಾಣುವಷ್ಟು ಚೆನ್ನಾಗಿ ಇಲ್ಲಿ ಕಾಣದು. ಹೈಪರ್‌ಪ್ಲಾಸಿಯಾ ಎಲ್ಲಿ ಮುಗಿದು ಕ್ಯಾನ್ಸರ್ ಎಲ್ಲಿ ಶುರು ಅಂತ ಗೆರೆ ಎಳೆಯಲು ಬಯಾಪ್ಸಿ ಬೇಕೇ ಬೇಕು. ಕೋಶ ಸಾಲದ ಸ್ಯಾಂಪಲ್ಲನ್ನು ನಾರ್ಮಲ್ ಅನ್ನುವಂತಿಲ್ಲ. ರಿಪೋರ್ಟ್ ಏನೇ ಹೇಳಲಿ, ರಕ್ತ ಹೋಗುವುದು ನಿಲ್ಲದಿದ್ದರೆ ಮುಂದಿನ ತಪಾಸಣೆ ಆಗಲೇಬೇಕು. ಮುಖ್ಯವಾಗಿ, ಈ ಸ್ಲೈಡು ಓದಲು ಪಳಗಿದ ಕಣ್ಣು ಬೇಕು. ಯಂತ್ರ ತಂದಿಟ್ಟರೆ ಸಾಲದು.

ಆದರೂ, ಭಯದಿಂದ ಏನೂ ಮಾಡಿಸದೆ ಕೂರುವ ನನ್ನ ದೊಡ್ಡಮ್ಮನಂಥವರಿಗೆ ಇದು ಮೊದಲ ಮೆಟ್ಟಿಲಾಗಬಹುದು ಅನ್ನೋದು ನನ್ನ ಅನಿಸಿಕೆ. ಅವರಿಗೆ ಕೊನೆಗೆ ಬಯಾಪ್ಸಿಯಲ್ಲಿ ಸಿಕ್ಕಿದ್ದು ಹೈಪರ್‌ಪ್ಲಾಸಿಯಾ, ಕ್ಯಾನ್ಸರ್ ಅಲ್ಲ. ಬಚಾವಾದರು. ಎಲ್ಲರೂ ಹಾಗೆ ಬಚಾವಾಗಲ್ಲ.

ಇವತ್ತು ಅಮ್ಮನಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿಬಿಡಿ. ಸಂಕೋಚ ಬೇಡ.