ವೇಷಕ್ಕೆ ಬೈಗುಳ, ಗುಂಡಿಗೆ ಮಾಫಿ

2019ರ ಸೆಪ್ಟೆಂಬರ್ ಮೊದಲ ವಾರ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನೇ ದೇಶ ಕಾಯುತ್ತಿತ್ತು. ಅದೇ ಹೊತ್ತಿಗೆ ಬೆಂಗಳೂರಿನ ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ದಿರಿಸು ತೊಟ್ಟು ತೇಲುತ್ತಾ ಹೆಜ್ಜೆ ಹಾಕಿದರು. ಪಕ್ಕದಲ್ಲಿ ಆಟೊ ಹಾದುಹೋದಾಗಲೇ ನೋಡುವವರಿಗೆ ತಿಳಿದದ್ದು, ಅದು ಚಂದ್ರನಲ್ಲ, ಗುಂಡಿಬಿದ್ದ ರಸ್ತೆ ಎಂದು. ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಈ ವಿಡಿಯೊ ಹರಿದಾಡಿದ್ದೇ ತಡ, ಪಾಲಿಕೆ ದುರಸ್ತಿಗೆ ಇಳಿಯಿತು.

ಇಂಥ ಕೆಲಸ ಕಂಡಾಗಲೆಲ್ಲ ಕೇಳಿಬರುವ ಮಾತು ಒಂದೇ: ಪ್ರಚಾರದ ಗೀಳು, ಊರಿನ ಮಾನ ಹರಾಜು. ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಊರಿನ ಮಾನ ಕಳೆದದ್ದು ಗುಂಡಿ. ಅದನ್ನು ತೋರಿಸಿದವರ ಬಟ್ಟೆಯ ಮೇಲೆ ಹರಿಹಾಯುವುದು, ಕೇಳಬೇಕಾದವರನ್ನು ಕೇಳದೆ ನುಣುಚಿಕೊಳ್ಳುವ ದಾರಿ.

ಅದರಲ್ಲೂ ನಮ್ಮ ಮಂಡ್ಯ ಸೀಮೆಯವರು ಹೀಗೆ ಆಡಬಾರದು. ವೈದ್ಯನಾಥಪುರದ ಶಿಂಷಾ ದಂಡೆಯಿಂದ ಮಳವಳ್ಳಿಯವರೆಗೆ ಪೂಜಾ ಕುಣಿತ, ಪಟ ಕುಣಿತ, ವೀರಗಾಸೆ, ಸೋಮನ ಕುಣಿತ ನೋಡಿ ಬೆಳೆದ ಜನ ನಾವು. ದೊಡ್ಡ ಕಣ್ಣಿನ ಸೋಮ ಬೀದಿಗಿಳಿದರೆ ಕೈಮುಗಿಯುತ್ತೇವೆ. ಓದಿದ ಹುಡುಗ ಅದೇ ಬೀದಿಯಲ್ಲಿ ಬೇರೊಂದು ವೇಷ ಕಟ್ಟಿದರೆ ಹುಚ್ಚಾಟ ಅನ್ನುತ್ತೇವೆ.

ಇದೇ ಸೀಮೆಯ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಿದವರು ಗಾಂಧಿಯ ಹಾದಿ ಹಿಡಿದವರು. ಆ ಗಾಂಧಿ 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅಂಗಿ, ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಹತ್ತು ವರ್ಷದ ಮೇಲೆ ಚರ್ಚಿಲ್ ಅವರನ್ನು ಅರೆಬೆತ್ತಲೆ ಫಕೀರನೆಂದು ಹೀಯಾಳಿಸಿದ. ಬಡವನ ಮೈಮೇಲೆ ಬಟ್ಟೆ ಏಕಿಲ್ಲ ಎಂದು ಆ ತುಂಡು ಪಂಚೆ ಕೇಳಿದ ಪ್ರಶ್ನೆಗೆ ಚರ್ಚಿಲ್ ಬಳಿ ಉತ್ತರವಿರಲಿಲ್ಲ, ಬೈಗುಳವಿತ್ತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಬೈಗುಳಕ್ಕೆ ಲಂಗುಲಗಾಮು ಇರುವುದಿಲ್ಲ. ಬೆಂಗಳೂರಿನಲ್ಲಿ 2003ರಲ್ಲಿ ಜಾಸ್ಮೀನ್ ಪಥೇಜಾ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಬಳಗ, ಕಿರುಕುಳಕ್ಕೆ ಒಳಗಾದ ದಿನ ಮೈಮೇಲಿದ್ದ ಉಡುಪನ್ನು ಮಹಿಳೆಯರಿಂದ ಸಂಗ್ರಹಿಸಿತು. ಸಲ್ವಾರ್, ಸೀರೆ, ಶಾಲೆಯ ಸಮವಸ್ತ್ರ ಇಂಥವೇ ದಿನನಿತ್ಯದ ಬಟ್ಟೆಗಳು. ನೀನು ತೊಟ್ಟದ್ದೇ ತಪ್ಪು ಎನ್ನುವವರ ಮುಂದೆ ಅವನ್ನು ಹರಡಿದರೆ ಬಾಯಿಗೆ ಬೀಗ ಬೀಳಬೇಕು. ಬೀಳುವುದಿಲ್ಲ, ಇಂಥ ಕಲೆಗೆ ನಿಂತವಳ ನಡತೆಯ ಬಗ್ಗೆ ಮಾತು ಶುರುವಾಗುತ್ತದೆ. ಇದಕ್ಕಿಂತ ಹೇಡಿತನ ಇನ್ನೊಂದಿಲ್ಲ.

ಎಲ್ಲ ವೇಷವೂ ಒಳ್ಳೆಯ ಕಲೆ ಎಂದು ನಾನು ವಾದಿಸುತ್ತಿಲ್ಲ. ಸಪ್ಪೆಯಾದದ್ದನ್ನು ಸಪ್ಪೆ ಅನ್ನಿ, ಬಲವಿಲ್ಲದವರನ್ನು ಅಣಕಿಸುವುದನ್ನು ಖಂಡಿಸಿ. ಆದರೆ ಮದ್ದೂರಿನ ಪೇಟೆಯಲ್ಲೋ ಮಂಡ್ಯದ ಸಂಜಯ ವೃತ್ತದಲ್ಲೋ ನಾಳೆ ಯಾರಾದರೂ ವಿಚಿತ್ರ ಉಡುಪು ತೊಟ್ಟು ನಿಂತರೆ ಮೊದಲು ಎರಡು ನಿಮಿಷ ನಿಂತು ನೋಡಿ, ಯಾಕೆ ನಿಂತಿದ್ದೀಯಪ್ಪ, ಯಾಕೆ ನಿಂತಿದ್ದೀಯವ್ವ ಎಂದು ಕೇಳಿ. ಪೊಲೀಸರು ಅವರನ್ನು ಎಬ್ಬಿಸಿ ಕಳಿಸದೆ ಕಾವಲು ನಿಲ್ಲಲಿ. ಅವರ ಫೋಟೊ ತೆಗೆದು ಹೊಲಸು ಮಾತು ಸೇರಿಸಿ ಹಂಚುವುದನ್ನು ದಯಮಾಡಿ ನಿಲ್ಲಿಸಿ.