ಸುಸ್ಥಿತಿಯಲ್ಲಿರಬೇಕಾದದ್ದು ವ್ಯಾನೋ, ತೋಡೋ?

‘ಹಳೆಯ ಮಾದರಿಯ ಕ್ಯಾಂಪರ್ ವ್ಯಾನ್, ಸುಸ್ಥಿತಿಯಲ್ಲಿದೆ’ ಎಂಬ ಮಾತಿಗೆ ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿಯೂ ಕಿವಿಗೊಡುವವರಿದ್ದಾರೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿಗೆ ತೊಟ್ಟಿ, ಮೂಲೆಯಲ್ಲೊಂದು ಶೌಚದ ಪೆಟ್ಟಿಗೆ ಇರುವ ಈ ವಾಹನವನ್ನು ಕೊಳ್ಳುವವರು ಸಾಮಾನ್ಯವಾಗಿ ಸುಶಿಕ್ಷಿತರು, ಕಾಡಿನ ಮೇಲೆ ಪ್ರೀತಿಯುಳ್ಳವರು. ರೆಸಾರ್ಟಿನ ಕಾಂಕ್ರೀಟಿಗಿಂತ ಇದು ಮೇಲು, ಹೊಸ ವಾಹನಕ್ಕಿಂತ ಹಳೆಯದು ಮೇಲು ಎಂಬುದು ಅವರ ವಾದ. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಹೇಳದೆ ಬಿಟ್ಟರೆ ಅದರ ಬೆಲೆಯನ್ನು ತೆರಬೇಕಾದವರು ತೋಡಿನ ಕೆಳಬದಿಯಲ್ಲಿ ವಾಸಿಸುವವರು.

ಮೊದಲು ಸತ್ಯದ ಅರ್ಧವನ್ನು ಒಪ್ಪಿಕೊಳ್ಳೋಣ. ಹೊಸ ವಾಹನವೊಂದನ್ನು ತಯಾರಿಸಲು ಕಬ್ಬಿಣದ ಅದಿರು, ಕಲ್ಲಿದ್ದಲು, ರಬ್ಬರು, ವಿದ್ಯುತ್ತು ಬೇಕು. ಕುದುರೆಮುಖದ ಬೆಟ್ಟಗಳನ್ನು ಅದಿರಿಗಾಗಿ ಕೊರೆದದ್ದನ್ನು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತದ್ದನ್ನು ಕಂಡ ನಮಗೆ ಕಬ್ಬಿಣದ ನಿಜವಾದ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಹಳೆಯ ವಾಹನವನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು ವಿವೇಕವಲ್ಲ. ಆದರೆ ಪ್ರವಾಸಕ್ಕೆಂದೇ ಕೊಳ್ಳುವ ವ್ಯಾನು ಮನೆಯಲ್ಲಿ ನಿಲ್ಲುವುದಿಲ್ಲ. ಅದು ಓಡುತ್ತದೆ, ಘಟ್ಟ ಹತ್ತುತ್ತದೆ. ಉಳಿಸಿದ ಕಬ್ಬಿಣದ ಲೆಕ್ಕವನ್ನು ಉರಿಸಿದ ಇಂಧನದ ಲೆಕ್ಕದೊಡನೆ ಇಟ್ಟು ನೋಡದಿದ್ದರೆ ಅದು ಲೆಕ್ಕವೇ ಅಲ್ಲ.

ಈ ವಾಹನಗಳ ಚರಿತ್ರೆ ಆಕರ್ಷಕವಾದುದೇ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತನ್ನ ಪ್ರಸಿದ್ಧ ವ್ಯಾನನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಹಾಸಿಗೆ, ಕಪಾಟುಗಳನ್ನು ಜೋಡಿಸಿತು. ಆ ವ್ಯಾನಿನ ತಯಾರಿಕೆ ಬ್ರೆಜಿಲಿನಲ್ಲಿ 2013ರ ಕೊನೆಯವರೆಗೂ ನಡೆಯಿತು. ನಮ್ಮಲ್ಲಿ ಆ ಸ್ಥಾನ ಮೆಟಡೋರಿನದು. ಬಜಾಜ್ ಟೆಂಪೋ ಕಂಪನಿಯ ಆ ವ್ಯಾನು ಮೀನು, ತರಕಾರಿ, ಮದುವೆಯ ದಿಬ್ಬಣ, ಆಸ್ಪತ್ರೆಯ ರೋಗಿ ಎಲ್ಲವನ್ನೂ ಹೊತ್ತಿತು. ಕಂಪನಿ 2005ರಲ್ಲಿ ಹೆಸರು ಬದಲಿಸಿಕೊಂಡರೂ ಜನರ ನಾಲಗೆಯಲ್ಲಿ ಮೆಟಡೋರ್ ಉಳಿದಿದೆ. ಇಂತಹ ವಾಹನವನ್ನು ಪ್ರೀತಿಯಿಂದ ಕಾಪಾಡುವುದಕ್ಕೆ ಆಕ್ಷೇಪವಿಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿಯೇ ಹಳೆಯ ಕಾರುಗಳ ಸಂಗ್ರಹಾಲಯವಿದೆ. ನೂರಾರು ಜನ ನೋಡಿ ಸಂತೋಷಪಡುತ್ತಾರೆ, ಅದರಿಂದ ಒಂದು ಹೊಳೆಯೂ ಕೆಡುವುದಿಲ್ಲ. ಅಲ್ಲಿ ಹಳೆಯದು ಹಳೆಯದಾಗಿಯೇ ಇದೆ. ಅದನ್ನೇ ಚಲಿಸುವ ವಸತಿಗೃಹವನ್ನಾಗಿ ಮಾಡಿದಾಗ ಪ್ರಶ್ನೆಗಳು ಏಳುತ್ತವೆ.

ಕಾನೂನು ಈ ಭೇದವನ್ನು ಗುರುತಿಸಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿಯೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಮಾತ್ರ ‘ವಿಂಟೇಜ್’. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವುಗಳಿಗಷ್ಟೇ ಅದು ರಸ್ತೆಗಿಳಿಯಬಹುದು. ದಿನಬಳಕೆಗೂ ವ್ಯಾಪಾರಕ್ಕೂ ಅವಕಾಶವಿಲ್ಲ. ಹಾಗಾದರೆ ‘ವಿಂಟೇಜ್ ಕ್ಯಾಂಪರ್’ ಎಂದು ಮಾರುವವರು ಏನನ್ನು ಮಾರುತ್ತಿದ್ದಾರೆ? ನಿಜವಾಗಿ ವಿಂಟೇಜ್ ಆಗಿದ್ದರೆ ಅದರಲ್ಲಿ ಪ್ರವಾಸ ಮಾಡುವಂತಿಲ್ಲ. ಒಳಗನ್ನು ಕಿತ್ತು ಹೊಸದಾಗಿ ಕಟ್ಟಿದ್ದರೆ ಅದು ವಿಂಟೇಜ್ ಅಲ್ಲ. ನೋಂದಣಿ ಪತ್ರದಲ್ಲಿರುವ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿದೆ. ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ.

ಇನ್ನು 50 ವರ್ಷವಾಗದ, 20–30 ವರ್ಷ ಹಳೆಯ ಡೀಸೆಲ್ ವ್ಯಾನುಗಳ ವಿಷಯ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳನ್ನು ನಿಷೇಧಿಸಿದ ಮೇಲೆ ಅಲ್ಲಿನ ವಾಹನಗಳು ಬೇರೆ ರಾಜ್ಯಗಳ ಮಾರುಕಟ್ಟೆಗೆ ಹರಿದವು. ರಾಜಧಾನಿಯ ಶ್ವಾಸಕೋಶಕ್ಕೆ ಆಗದ ಹೊಗೆ ಹಳ್ಳಿಯ ಶ್ವಾಸಕೋಶಕ್ಕೆ ಆಗುತ್ತದೆಯೇ? 2000ನೇ ಇಸವಿಯ ಮಾನದಂಡದಂತೆ ಡೀಸೆಲ್ ಕಾರೊಂದು ಕಿಲೋಮೀಟರಿಗೆ 0.14 ಗ್ರಾಂ ಮಸಿಕಣಗಳನ್ನು ಉಗುಳಬಹುದಾಗಿತ್ತು. 2020ರ ಏಪ್ರಿಲಿನಿಂದ ಜಾರಿಯಾದ ಭಾರತ್ ಸ್ಟೇಜ್ 6ರಲ್ಲಿ ಆ ಮಿತಿ 0.0045 ಗ್ರಾಂ, ಅಂದರೆ ಸುಮಾರು 30ರಲ್ಲೊಂದು ಪಾಲು. 1992ಕ್ಕೆ ಮೊದಲಿನ ಡೀಸೆಲ್ ವಾಹನಗಳಿಗಂತೂ ಇಂತಹ ಮಿತಿಯೇ ಇರಲಿಲ್ಲ. ಪೆಟ್ರೋಲ್ ವ್ಯಾನಾದರೆ ಇನ್ನೊಂದು ತೊಡಕು. 2023ರಿಂದ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂಕುಗಳಿಗೆ ಬಂದಿದೆ. ಎಥೆನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಎಂಜಿನ್ ಹಿಂಬದಿಯಲ್ಲಿರುವ ಹಳೆಯ ಫೋಕ್ಸ್‌ವ್ಯಾಗನ್‌ಗಳಲ್ಲಿ ಇಂಧನ ಕೊಳವೆ ಬಿರಿದು ಬೆಂಕಿ ಹತ್ತುವುದು ಮೊದಲೇ ಕುಖ್ಯಾತ. ಅದರೊಳಗೆ ಅಡುಗೆ ಅನಿಲದ ಸಿಲಿಂಡರನ್ನೂ ಇಟ್ಟುಕೊಂಡು ಮಲಗುವವರು ಯೋಚಿಸಬೇಕು. 100 ಲೀಟರ್ ನೀರು ತುಂಬಿದರೆ 100 ಕಿಲೋ ಭಾರ ಏರಿತು. ಆ ಭಾರದೊಡನೆ ಚಾರ್ಮಾಡಿಯ ತಿರುವುಗಳನ್ನು ಇಳಿಯುವಾಗ ಹಳೆಯ ಡ್ರಮ್ ಬ್ರೇಕು ಕಾದು ಹಿಡಿತ ಕಳೆದುಕೊಂಡರೆ ಎದುರಿಗೆ ಬರುವ ಬಸ್ಸಿನವರು ಮಾಡಿದ ಪಾಪವೇನು?

ಇವೆಲ್ಲವೂ ಕೊಳ್ಳುವವರ ಕಿಸೆಗೂ ಜೀವಕ್ಕೂ ಸಂಬಂಧಿಸಿದವು. ನನ್ನ ಮುಖ್ಯ ಆಕ್ಷೇಪ ಬೇರೆಯದು. ವ್ಯಾನು ನಿಂತಲ್ಲಿ ಅದರ ಹೊಲಸು ಎಲ್ಲಿಗೆ ಹೋಗುತ್ತದೆ?

ಇಂತಹ ವ್ಯಾನುಗಳಲ್ಲಿರುವ ಶೌಚದ ಪೆಟ್ಟಿಗೆ ಹಿಡಿಯುವುದು ಸುಮಾರು 20 ಲೀಟರ್. ನಾಲ್ವರ ಕುಟುಂಬಕ್ಕೆ ಎರಡು ಮೂರು ದಿನಕ್ಕೆ ಅದು ತುಂಬುತ್ತದೆ. ವಾಸನೆ ತಡೆಯಲು ಹಾಕುವ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್‌ನಂತಹ ಸೂಕ್ಷ್ಮಾಣುನಾಶಕಗಳಿರುತ್ತವೆ. ಯುರೋಪಿನಲ್ಲಿ ಇದನ್ನು ಬರಿದು ಮಾಡಲು ಶಿಬಿರತಾಣಗಳಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆ. ನಮ್ಮಲ್ಲಿ? ‘ತೋಟದ ಮೂಲೆಯ ಗುಂಡಿಗೆ ಹಾಕಿದರಾಯಿತು’ ಎನ್ನುವವರಿದ್ದಾರೆ. ಗೋಬರ್ ಅನಿಲ ಸ್ಥಾವರಕ್ಕೆ ಇದು ಬಿದ್ದರೆ ಅನಿಲ ಉತ್ಪಾದಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಗೊಬ್ಬರದ ಗುಂಡಿಗೆ ಬಿದ್ದರೆ ಕೊಳೆಯುವ ಕ್ರಿಯೆ ನಿಲ್ಲುತ್ತದೆ. ತೋಡಿಗೆ ಬಿದ್ದರೆ ಹೇಳುವುದೇ ಬೇಡ. ನಮ್ಮ ಮಣ್ಣು ಜಂಬಿಟ್ಟಿಗೆ, ರಂಧ್ರಗಳಿಂದ ಕೂಡಿದ್ದು. ಮೇಲೆ ಸುರಿದದ್ದು ಬಹುದೂರ ಸೋಸದೆಯೇ ಕೆಳಗಿನ ಬಾವಿಗೆ, ಸುರಂಗಕ್ಕೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಕಟ್ಟಿ ನೀರು ನಿಲ್ಲಿಸುವ ಊರುಗಳಲ್ಲಿ ಒಂದು ಪೆಟ್ಟಿಗೆಯ ಹೊಲಸು ಮೂರು ತೋಟಗಳ ನೀರನ್ನು ಕೆಡಿಸಬಲ್ಲುದು. ಬೆಳ್ತಂಗಡಿಯ ತೋಡುಗಳು ನೇತ್ರಾವತಿಯನ್ನು ಸೇರುತ್ತವೆ. ನೇತ್ರಾವತಿ ಬಂಟ್ವಾಳವನ್ನು ದಾಟಿ ತುಂಬೆಯ ಕಿಂಡಿ ಅಣೆಕಟ್ಟಿಗೆ ಬರುತ್ತದೆ. ಮಂಗಳೂರು ನಗರ ಕುಡಿಯುವುದು ಆ ನೀರನ್ನೇ.

ಎರಡನೆಯದು ಮಣ್ಣಿನ ವಿಷಯ. ಕಾಳುಮೆಣಸಿನ ಶೀಘ್ರ ಸೊರಗು ರೋಗವನ್ನು ತರುವ ಫೈಟಾಫ್ತೊರಾ ಜೀವಿ ಸೋಂಕು ತಗಲಿದ ಮಣ್ಣಿನೊಡನೆ, ಹರಿಯುವ ನೀರಿನೊಡನೆ, ಕೆಸರು ಮೆತ್ತಿದ ಕಾಲಿನೊಡನೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ. ಚಕ್ರಕ್ಕೆ ಮೆತ್ತಿದ ಕೆಸರು ಇದಕ್ಕೆ ಹೊರತಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಇದೇ ಕುಲದ ಇನ್ನೊಂದು ಜೀವಿ ಕಾಡಿನ ಮರಗಳನ್ನೇ ಒಣಗಿಸಿದ್ದರಿಂದ ಅಲ್ಲಿನ ಎಷ್ಟೋ ಅರಣ್ಯಗಳಿಗೆ ವಾಹನವನ್ನು ತೊಳೆಯದೆ ಪ್ರವೇಶವಿಲ್ಲ. ಪಾರ್ಥೇನಿಯಂ ಕಳೆ ದೇಶವನ್ನೆಲ್ಲ ಸುತ್ತಿದ್ದು ಹೆದ್ದಾರಿಗಳ ಬದಿಯಿಂದಲೇ. ಕೊಳೆರೋಗ, ಎಲೆಚುಕ್ಕಿ, ಹಳದಿ ರೋಗಗಳಿಂದ ಬಳಲಿರುವ ಅಡಿಕೆ ಬೆಳೆಗಾರ, ಊರೂರು ಸುತ್ತಿ ಬಂದ ವ್ಯಾನನ್ನು ತನ್ನ ತೋಟದ ನಡುವೆಯೇ ನಿಲ್ಲಿಸಿಕೊಳ್ಳುವುದಾದರೆ ಬೋರ್ಡೊ ದ್ರಾವಣ ಸಿಂಪಡಿಸಿ ಪ್ರಯೋಜನವೇನು?

ಮೂರನೆಯದು ಬೆಟ್ಟದ ಸಹನೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದಡಿಯ ಗ್ರಾಮಗಳಲ್ಲಿ ಗುಡ್ಡಗಳು ಜರಿದು ತೋಟಗಳು ಮರಳಿನಡಿ ಹೂತುಹೋದವು. ಚಾರ್ಮಾಡಿ ರಸ್ತೆ ಮುಚ್ಚಿತು. ಹೊಳೆಬದಿಯ ಸಮತಟ್ಟು ಜಾಗ ಕಣ್ಣಿಗೆ ಎಷ್ಟು ರಮ್ಯವೋ ಮಳೆಗಾಲದ ರಾತ್ರಿ ಅಷ್ಟೇ ಭಯಂಕರ. ಅಲ್ಲಿ ನಿಂತ ವ್ಯಾನಿನಲ್ಲಿ ಮಲಗಿದವರು ಪಂಚಾಯತಿನ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ನೆರೆ ಬಂದಾಗ ಅವರನ್ನು ಹುಡುಕಿಕೊಂಡು ಹೋಗಬೇಕಾದವರು ಊರಿನ ಯುವಕರೇ.

‘ಬೆಳೆ ಕೈಕೊಟ್ಟಿರುವಾಗ ಕೃಷಿಕನಿಗೆ ನಾಲ್ಕು ಕಾಸು ಸಿಗುವುದಾದರೆ ನಿಮಗೇಕೆ ಅಸೂಯೆ?’ ಎಂದು ಕೇಳುವವರಿದ್ದಾರೆ. ಇದು ನ್ಯಾಯವಾದ ಪ್ರಶ್ನೆ. ಕೃಷಿಕನ ಆದಾಯ ಕುಸಿದಿರುವುದು ನಿಜ. ಅತಿಥಿಯನ್ನು ಸತ್ಕರಿಸಿ ಗಳಿಸುವುದು ತಪ್ಪಲ್ಲ. ಆದರೆ ಅತಿಥಿ ಮನೆಯಲ್ಲಿ ಉಳಿದರೆ ಅವನ ಊಟ ಮನೆಯ ಒಲೆಯದು, ಅವನ ಶೌಚ ಮನೆಯ ಗುಂಡಿಗೆ, ಹಣ ಮನೆಗೆ. ವ್ಯಾನಿನವನು ಅಕ್ಕಿ, ನೀರು, ಹಾಸಿಗೆ ಎಲ್ಲವನ್ನೂ ಹೊರಗಿನಿಂದ ತಂದು ಇಲ್ಲಿ ಬಿಟ್ಟುಹೋಗುವುದು ಕಸವನ್ನು ಮಾತ್ರ. ಮೇಲಾಗಿ ವ್ಯಾನು ನಿಲ್ಲಿಸಲು ಕೊಡುವ ಜಾಗ ಎಷ್ಟೋ ಕಡೆ ಕುಮ್ಕಿ. ವರ್ಗ ಜಮೀನಿನ ಸುತ್ತಲಿನ ಸುಮಾರು 100 ಗಜದ ಆ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿಗೆಂದು ಕೃಷಿಕನಿಗೆ ವಿಶೇಷಾಧಿಕಾರವಿದೆ; ಒಡೆತನ ಸರಕಾರದ್ದು. ಬೇಸಾಯಕ್ಕಾಗಿ ಉಳಿಸಿಕೊಂಡು ಬಂದ ಹಕ್ಕನ್ನು ವಾಹನ ನಿಲುಗಡೆಯ ಬಾಡಿಗೆಗೆ ಬಳಸಿದರೆ, ಕುಮ್ಕಿಯನ್ನು ಕಸಿದುಕೊಳ್ಳಲು ಕಾದಿರುವವರ ಕೈಗೆ ನಾವೇ ಕತ್ತಿ ಕೊಟ್ಟಂತೆ.

ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ನೀತಿಯೊಂದನ್ನು ಪ್ರಕಟಿಸಿ, ಮರುವರ್ಷ ವಾಗಮಣ್ಣಿನಲ್ಲಿ ಮೊದಲ ಕ್ಯಾರವಾನ್ ತಾಣವನ್ನು ತೆರೆಯಿತು. ಅದರ ಗುಣದೋಷ ಏನೇ ಇರಲಿ, ವಾಹನಕ್ಕೆ ನಿಲ್ಲಲು ಗೊತ್ತಾದ ಜಾಗ ಬೇಕೆಂಬ ತತ್ತ್ವವಾದರೂ ಅಲ್ಲಿದೆ. ನಮ್ಮ ಗ್ರಾಮ ಪಂಚಾಯತುಗಳೂ ಈಗಲೇ ಎಚ್ಚೆತ್ತುಕೊಳ್ಳಬೇಕಾಗಿದೆ. ತೋಡು, ಹೊಳೆ, ಬಾವಿ, ಸುರಂಗಗಳ ಬಳಿ ವಾಸದ ವ್ಯಾನುಗಳು ತಂಗುವುದನ್ನು ಗ್ರಾಮಸಭೆ ನಿರ್ಣಯದ ಮೂಲಕ ತಡೆಯಲಿ. ಹೊಲಸನ್ನು ಸುರಕ್ಷಿತವಾಗಿ ಬರಿದು ಮಾಡುವ ವ್ಯವಸ್ಥೆಯಿಲ್ಲದ ಜಾಗಕ್ಕೆ ಪರವಾನಿಗೆ ಕೊಡದಿರಲಿ. ಮಳೆಗಾಲದ ನಾಲ್ಕು ತಿಂಗಳು ಘಟ್ಟದಡಿಯಲ್ಲಿ ರಾತ್ರಿ ತಂಗುವುದು ಪೂರ್ಣ ನಿಲ್ಲಲಿ.

ಕೊಳ್ಳಲು ಹೊರಟಿರುವ ಮಿತ್ರರಿಗೂ ಒಂದು ಮಾತು. ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಹೊಸ ಬಣ್ಣದಡಿ ತುಕ್ಕು ಅಡಗಿರುವುದು ಸಹಜ. ಬಣ್ಣವನ್ನು ನಂಬದೆ ತಳವನ್ನು ನೋಡಿ. ಚಾಸಿಸ್ ಸಂಖ್ಯೆ ನೋಂದಣಿ ಪತ್ರದೊಡನೆ ಹೊಂದುತ್ತದೆಯೇ, ಮಾರ್ಪಾಡಿಗೆ ಸಾರಿಗೆ ಕಚೇರಿಯ ಒಪ್ಪಿಗೆ ಇದೆಯೇ ನೋಡಿ. 20 ವರ್ಷ ದಾಟಿದ ಕಾರು, ವ್ಯಾನುಗಳ ನೋಂದಣಿ ನವೀಕರಣದ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅನಂತರ ಮಾರುವವರಲ್ಲಿ ಕೊನೆಯ ಪ್ರಶ್ನೆ ಕೇಳಿ: ‘ಇಷ್ಟು ದಿನ ಇದರ ಶೌಚದ ಪೆಟ್ಟಿಗೆಯನ್ನು ಎಲ್ಲಿ ಬರಿದು ಮಾಡಿದಿರಿ?’ ಅದಕ್ಕೆ ನೇರವಾದ ಉತ್ತರ ದೊರೆಯದಿದ್ದರೆ ಆ ವ್ಯಾನು ಸುಸ್ಥಿತಿಯಲ್ಲಿಲ್ಲ ಎಂದೇ ತಿಳಿಯಿರಿ. ಕಾಡನ್ನು ನೋಡುವ ಆಸೆಯಿದ್ದವರಿಗೆ ಮೂಡುಬಿದಿರೆಯಿಂದ ವೇಣೂರಿನ ಮೂಲಕ ಬೆಳ್ತಂಗಡಿಗೆ ಬರುವ ಬಸ್ಸಿನ ಕಿಟಕಿ ಯಾವಾಗಲೂ ತೆರೆದಿದೆ. ಅದರ ಟಿಕೆಟಿನ ಹಣ ನಮ್ಮೂರಿನಲ್ಲೇ ಉಳಿಯುತ್ತದೆ, ಕಟ್ಟದ ನೀರೂ ತಿಳಿಯಾಗಿರುತ್ತದೆ.