ಹತ್ತು ದಿನ ತಡವಾಗಿ ಬಂದ ಸುದ್ದಿ



ಮಗ ಮೊದಲ ಸಲ ಕೆಲಸಕ್ಕೆ ಅಂತ ಊರು ಬಿಟ್ಟು ಹೊರಟಾಗ ಅವನ ಪೆಟ್ಟಿಗೆಯಲ್ಲಿ ಏನೇನು ಇಡುತ್ತೀರಿ? ನಾಲ್ಕು ಜೊತೆ ಬಟ್ಟೆ, ಒಂದು ಡಬ್ಬಿ ಚಕ್ಕುಲಿ, ಒಂದು ಸಣ್ಣ ಜಾಡಿ ಉಪ್ಪಿನಕಾಯಿ, ಒಂದು ದೇವರ ಪಟ. ಇನ್ನೇನಾದರೂ ಮರೆತೆನೇ ಅಂತ ಹತ್ತು ಸಲ ಪೆಟ್ಟಿಗೆ ತೆರೆದು ನೋಡುತ್ತೀರಿ, ಅಲ್ಲವೇ?

1971ರ ಯುದ್ಧದ ಹೊತ್ತಿಗೆ ದೆಹಲಿಯ ಮನೆಯಿಂದ ಗಡಿಗೆ ಹೊರಟ ಒಬ್ಬ ಹುಡುಗ ತನ್ನ ಸಾಮಾನಿನ ಜೊತೆ ಗಾಲ್ಫ್ ಆಡುವ ಕೋಲುಗಳನ್ನೂ, ಔತಣಕ್ಕೆ ತೊಡುವ ನೀಲಿ ಸಮವಸ್ತ್ರವನ್ನೂ ಕಟ್ಟಿಕೊಂಡನಂತೆ. ಯುದ್ಧಕ್ಕೆ ಹೋಗುವವನಿಗೆ ಇವೆಲ್ಲ ಯಾಕಪ್ಪಾ ಅಂದರೆ, ಲಾಹೋರಿನಲ್ಲಿ ಗಾಲ್ಫ್ ಆಡಬೇಕು, ಗೆದ್ದ ಮೇಲೆ ಔತಣವಂತೂ ಇದ್ದೇ ಇರುತ್ತದಲ್ಲ ಅಂದನಂತೆ! ಆ ವಯಸ್ಸೇ ಹಾಗೆ. ಸಾವು ಬೇರೆಯವರಿಗೆ ಬರುವ ವಸ್ತು ಅಂತಲೇ ತಿಳಿದಿರುವ ವಯಸ್ಸು.

ಆ ಹುಡುಗನೇ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. ಹುಟ್ಟಿದ್ದು 1950ರ ಅಕ್ಟೋಬರ್ 14ರಂದು, ಪುಣೆಯಲ್ಲಿ. ತಂದೆ ಎಂ. ಎಲ್. ಖೇತ್ರಪಾಲ್ ಸೈನ್ಯದ ಎಂಜಿನಿಯರಿಂಗ್ ವಿಭಾಗದ ಅಧಿಕಾರಿ. ತಾಯಿ ಮಹೇಶ್ವರಿ. ಹಿಮಾಚಲದ ಸನಾವರ್‌ನ ಶಾಲೆಯಲ್ಲಿ ಓದಿ, 1967ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದ. ಅಲ್ಲಿಂದ ಡೆಹ್ರಾಡೂನ್. 1971ರ ಜೂನ್ 13ಕ್ಕೆ ಪೂನಾ ಹಾರ್ಸ್ ಎಂಬ ಟ್ಯಾಂಕ್ ದಳದಲ್ಲಿ ಅಧಿಕಾರಿಯಾದ. ಇವತ್ತು ಅಹಿಲ್ಯಾನಗರ ಅಂತ ಹೆಸರಾಗಿರುವ ಅಹಮದ್‌ನಗರದಲ್ಲಿ ಅವನ ತರಬೇತಿ ನಡೆಯುತ್ತಿರುವಾಗಲೇ ಯುದ್ಧದ ಕರೆ ಬಂತು. ಪಾಠ ಅರ್ಧಕ್ಕೇ ನಿಂತಿತು. ರೈಲು ಹತ್ತಿ ದೆಹಲಿಗೆ ಬಂದ, ಮನೆಯವರ ಜೊತೆ ಊಟ ಮಾಡಿದ, ಹೊರಟ. ನಿನ್ನ ಅಜ್ಜನೂ ವೀರ, ಅಪ್ಪನೂ ವೀರ, ನೀನೂ ಸಿಂಹದ ಹಾಗೆ ಹೋರಾಡು, ಹೇಡಿಯಾಗಿ ಮಾತ್ರ ಬರಬೇಡ ಅಂತ ತಾಯಿ ಹೇಳಿ ಕಳಿಸಿದರಂತೆ.

ಎಂಥ ಗಟ್ಟಿ ಮಾತು! ಆದರೆ ಸೋದರಿ, ಅಂಥ ಮಾತು ಆಡಿದ ತಾಯಿಯ ಹೊಟ್ಟೆಯಲ್ಲಿ ಆ ಹೊತ್ತು ಏನಾಗುತ್ತಿತ್ತು ಅನ್ನೋದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಯುದ್ಧ ನಡೆದದ್ದು ಪಾಕಿಸ್ತಾನದ ಪಂಜಾಬಿನ ಶಕರ್‌ಗಢ ಪ್ರದೇಶದಲ್ಲಿ, ಬಸಂತರ್ ಎಂಬ ನದಿಯ ದಡದಲ್ಲಿ. ಡಿಸೆಂಬರ್ 15ರ ರಾತ್ರಿ ನಮ್ಮ ಕಾಲಾಳುಗಳು ನದಿ ದಾಟಿ ಆಚೆ ದಡದಲ್ಲಿ ನೆಲೆ ಹಿಡಿದರು. ಅವರ ಬೆನ್ನಿಗೆ ಟ್ಯಾಂಕುಗಳು ಹೋಗಬೇಕು. ನಡುವೆ ನೆಲದ ತುಂಬ ಹೂತಿಟ್ಟ ಸಿಡಿಗುಂಡುಗಳು. ಅವನ್ನೆಲ್ಲ ತೆಗೆದು ಮುಗಿಸುವಷ್ಟು ಪುರುಸೊತ್ತಿಲ್ಲ, ಆಚೆ ಶತ್ರುವಿನ ಟ್ಯಾಂಕುಗಳ ಓಡಾಟ ಶುರುವಾಗಿತ್ತು. ಅರ್ಧಂಬರ್ಧ ತೆರವಾದ ಆ ನೆಲದ ಮೇಲೇ ಪೂನಾ ಹಾರ್ಸ್‌ನ ಟ್ಯಾಂಕುಗಳು ಹಾದುಹೋದವು.

ಮಾರನೆಯ ಬೆಳಿಗ್ಗೆ, 16ರಂದು, ಜರ್ಪಾಲ್ ಎಂಬಲ್ಲಿ ಹೊಗೆಯ ಮರೆಯಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಏರಿಬಂದವು. ಅಲ್ಲಿದ್ದವರು ಸಹಾಯ ಕೇಳಿದರು. ಕೇಳಿದೊಡನೆ ಓಡಿಬಂದವರಲ್ಲಿ ಅರುಣನೂ ಒಬ್ಬ. ಟ್ಯಾಂಕಿಗೆ ಟ್ಯಾಂಕು ಎದುರಾದ ಕಾಳಗ. ಕೊನೆಗೊಂದು ಹೊತ್ತಿನಲ್ಲಿ ಅಲ್ಲಿ ನಮ್ಮ ಕಡೆ ಉಳಿದದ್ದು ಮೂರೇ ಟ್ಯಾಂಕು. ಒಂದರ ಅಧಿಕಾರಿಗೆ ಪೆಟ್ಟು, ಇನ್ನೊಂದರ ಫಿರಂಗಿ ಕೆಟ್ಟಿತು. ಅರುಣನ ಟ್ಯಾಂಕಿಗೂ ಗುಂಡು ಬಿದ್ದು ಬೆಂಕಿ ಹತ್ತಿತು. ಇಳಿದು ಬಾ ಅಂತ ರೇಡಿಯೋದಲ್ಲಿ ಅಪ್ಪಣೆಯಾಯಿತು. ನನ್ನ ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ, ಟ್ಯಾಂಕು ಬಿಟ್ಟು ಬರಲಾರೆ ಎಂಬ ಅರ್ಥದ ಉತ್ತರ ಕೊಟ್ಟು ಹುಡುಗ ರೇಡಿಯೋ ನಿಲ್ಲಿಸಿಬಿಟ್ಟ. ಆ ಕೊನೆಯ ಕಾಳಗದಲ್ಲಿ ಬಿದ್ದ ಹತ್ತು ಶತ್ರು ಟ್ಯಾಂಕುಗಳಲ್ಲಿ ನಾಲ್ಕು ಇವನೊಬ್ಬನ ಲೆಕ್ಕದವು. ಕೊನೆಯದು ಇವನಿಂದ ಬರೀ ನೂರು ಮೀಟರ್ ದೂರದಲ್ಲಿತ್ತು. ಇನ್ನೊಂದು ಗುಂಡು ಬಂತು. ಹುಡುಗ ಹೋಗಿಬಿಟ್ಟ. ವಯಸ್ಸು ಇಪ್ಪತ್ತೊಂದು ವರ್ಷ ಎರಡು ತಿಂಗಳು. ಅಧಿಕಾರಿಯಾಗಿ ಆರೇ ತಿಂಗಳು.

ಅದೇ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮಾರನೆಯ ದಿನ ಪಶ್ಚಿಮದಲ್ಲೂ ಗುಂಡಿನ ಸದ್ದು ನಿಂತಿತು. ಅದೇ 17ರಂದು ಸಾಂಬಾ ಬಳಿ ಅರುಣನ ದೇಹಕ್ಕೆ ಅಗ್ನಿಸಂಸ್ಕಾರವೂ ಆಗಿಹೋಯಿತು. ಆದರೆ ಮನೆಯವರಿಗೆ ವಿಷಯ ತಿಳಿದದ್ದು 26ಕ್ಕೆ!

ಹತ್ತು ದಿನ. ಇದೊಂದು ಮಾತು ನನ್ನನ್ನು ಕಾಡುತ್ತದೆ ನೋಡಿ. ಯುದ್ಧ ಮುಗಿದಿದೆ, ನಾವು ಗೆದ್ದಿದ್ದೇವೆ, ದೇಶವೆಲ್ಲ ಸಂಭ್ರಮಿಸುತ್ತಿದೆ. ಇನ್ನೇನು ಮಗ ಬರುತ್ತಾನೆ ಅನ್ನುವ ಹೊತ್ತಿಗೆ ಆ ಮಗ ಹೋಗಿ ಹತ್ತು ದಿನ ಕಳೆದಿದೆ.

ಆಮೇಲೆ ಪರಮವೀರ ಚಕ್ರ ಬಂತು. ಅದುವರೆಗೆ ಆ ಪದಕ ಪಡೆದವರಲ್ಲೆಲ್ಲ ಇವನೇ ಚಿಕ್ಕವನು. ಅದನ್ನು ಕೈಗೆ ತೆಗೆದುಕೊಂಡವರು ತಾಯಿ. ಖಡಕ್‌ವಾಸ್ಲಾದ ಕವಾಯತು ಮೈದಾನಕ್ಕೆ ಅವನ ಹೆಸರಿಟ್ಟರು. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದು ಅರುಣನ ಪಾಲಿಗೆ ಬಂತು. ಎಲ್ಲವೂ ಸರಿ, ಆಗಲೇಬೇಕಾದದ್ದು. ಆದರೆ ಊಟದ ಹೊತ್ತಿಗೆ ಒಂದು ಮಣೆ ಖಾಲಿ ಇರುವ ಮನೆಯಲ್ಲಿ ಪದಕ ಆ ಮಣೆ ತುಂಬುತ್ತದೆಯೇ? ನೀವೇ ಹೇಳಿ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮೂವತ್ತು ವರ್ಷದ ಮೇಲಿನ ಮಾತು ಕೇಳಿ.

ಅರುಣನ ತಂದೆಯ ಹುಟ್ಟೂರು ಸರ್ಗೋಧಾ. ದೇಶ ಎರಡಾದಾಗ ಅದು ಪಾಕಿಸ್ತಾನಕ್ಕೆ ಹೋಯಿತು. ಸಾಯುವ ಮುಂಚೆ ಒಮ್ಮೆ ಊರು ನೋಡಬೇಕು ಅನ್ನೋ ಆಸೆ ಯಾರಿಗಿಲ್ಲ? 2001ರಲ್ಲಿ, 81ರ ವಯಸ್ಸಿನಲ್ಲಿ, ನಿವೃತ್ತ ಬ್ರಿಗೇಡಿಯರ್ ಖೇತ್ರಪಾಲ್ ಅತ್ತ ಹೊರಟರು. ಲಾಹೋರಿನಲ್ಲಿ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಉಪಚರಿಸಿದವರು ಅಲ್ಲಿಯ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಮನೆಮಂದಿಯೆಲ್ಲ ಅತಿಥಿಯನ್ನು ಅಪ್ಪನ ಹಾಗೆ ನೋಡಿಕೊಂಡರು. ಹೊರಡುವ ಹಿಂದಿನ ರಾತ್ರಿ ನಾಸಿರ್ ಬಾಯಿಬಿಟ್ಟರು. ಆ ದಿನ ಬಸಂತರ್‌ನಲ್ಲಿ ಎದುರುಗಡೆ ಇದ್ದವನು ನಾನೇ, ನಿಮ್ಮ ಮಗ ಸತ್ತದ್ದು ನನ್ನ ಕೈಯಲ್ಲೇ, ಅಂದರು.

ಆ ತಂದೆಯ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿಕೊಳ್ಳಿ. ಅವರ ಅನ್ನ ಉಂಡಾಗಿದೆ, ಅವರ ಸೂರಿನಡಿ ಮಲಗಿಯಾಗಿದೆ. ಆದರೂ ಆ ಭೇಟಿ ಜಗಳದಲ್ಲಿ ಮುಗಿಯಲಿಲ್ಲ. ಆಮೇಲೆ ನಾಸಿರ್ ಇಬ್ಬರೂ ಕೂಡಿ ತೆಗೆಸಿಕೊಂಡ ಭಾವಚಿತ್ರವನ್ನು ಕಳಿಸಿ, ಅರುಣನ ಶೌರ್ಯವನ್ನು ನೆನೆದು ಬರೆದರು. ಮಗನ ಕೊನೆಯ ಗಳಿಗೆ ಹೇಗಿತ್ತು ಅನ್ನೋದನ್ನು ಎದುರಿಗಿದ್ದವನ ಬಾಯಿಂದಲೇ ತಂದೆ ಕೇಳಿದ ಹಾಗಾಯಿತು.

ನಮ್ಮ ಕೊಡಗಿನ ಒಂದು ಮನೆಗೂ ಸತ್ಯ ಹೀಗೇ ಆಚೆಯಿಂದ ಬಂತು. ವಾಯುಪಡೆಯ ಅಜ್ಜಮಾಡ ದೇವಯ್ಯನವರು 1965ರಲ್ಲಿ ಅದೇ ಸರ್ಗೋಧಾದ ವಿಮಾನ ನಿಲ್ದಾಣದ ಮೇಲೆ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ಸಾಯುವ ಮುಂಚೆ ಶತ್ರುವಿನ ವಿಮಾನವನ್ನು ಹೊಡೆದುರುಳಿಸಿದ್ದರು ಎಂಬುದು ಎಷ್ಟೋ ವರ್ಷದ ಮೇಲೆ, ಪಾಕಿಸ್ತಾನದ ವಾಯುಪಡೆಯ ಬಗ್ಗೆ ಇಂಗ್ಲಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ ತಿಳಿಯಿತು. 1988ರಲ್ಲಿ ಅವರ ಪತ್ನಿಯ ಕೈಗೆ ಮಹಾವೀರ ಚಕ್ರ ಬಂತು. ಇಪ್ಪತ್ಮೂರು ವರ್ಷ!

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಬೀದಿಯಲ್ಲೂ ಮಗನನ್ನೋ ಗಂಡನನ್ನೋ ಸೈನ್ಯಕ್ಕೆ ಕಳಿಸಿದವರಿದ್ದಾರೆ, ಕಳಕೊಂಡವರೂ ಇದ್ದಾರೆ. ಅಂಥ ಮನೆಗೆ ಹೋದಾಗ ನಾವು ಏನು ಮಾತಾಡುತ್ತೇವೆ? ಒಂದೋ, ಹೆಮ್ಮೆಪಡಿ, ವೀರಮಾತೆ ನೀವು ಅಂತ ಭಾಷಣ ಮಾಡುತ್ತೇವೆ. ಇಲ್ಲವೇ, ಪಾಪ, ಯಾಕೆ ನೆನಪು ಮಾಡೋದು ಅಂತ ಆ ಹುಡುಗನ ಹೆಸರನ್ನೇ ಎತ್ತುವುದಿಲ್ಲ. ಎರಡರಿಂದಲೂ ಆಕೆಯ ಬಾಯಿ ಕಟ್ಟಿದ ಹಾಗಾಗುತ್ತದೆ.

ಅದರ ಬದಲು ಆಕೆಯ ಜೊತೆ ಅಡುಗೆಮನೆಯಲ್ಲಿ ಕೂತು, ಅವನಿಗೆ ಯಾವ ತಿಂಡಿ ಇಷ್ಟ ಇತ್ತು, ಚಿಕ್ಕವನಿದ್ದಾಗ ಎಷ್ಟು ತುಂಟನಾಗಿದ್ದ ಅಂತ ಕೇಳಿ. ಅತ್ತರೆ ಅಳಲಿ, ಸಮಾಧಾನ ಮಾಡಲು ಅವಸರಪಡಬೇಡಿ. ವರ್ಷಾಬ್ದಿಕದ ದಿನ ಮಾತ್ರವಲ್ಲ, ಅವನು ಹುಟ್ಟಿದ ದಿನವೂ ಒಂದು ಗಳಿಗೆ ಹೋಗಿ ಬನ್ನಿ. ಗಾಲ್ಫ್ ಕೋಲು ಕಟ್ಟಿಕೊಂಡು ಯುದ್ಧಕ್ಕೆ ಹೊರಟ ಹುಡುಗ ಪದಕಕ್ಕಿಂತ ಮೊದಲು ಒಬ್ಬ ತಾಯಿಯ ಮಗ. ಅವನ ಹೆಸರು ಹೇಳುವವರು, ಆಕೆಯ ಮಾತು ಕೇಳುವವರು ಬೇಕು. ಅದಕ್ಕೆ ಮೂವತ್ತು ವರ್ಷ ಕಾಯಬೇಕೇ?